ಓದುಗರ ಪ್ರಶ್ನೆ: ಮನೆ ಬಿಟ್ಟು ಹಾಸ್ಟೆಲ್ಲಿಗೆ ಬಂದವರ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸ್ಟೆಲ್ಲಿನವು. ಮಳೆಗಾಲದಲ್ಲಿ ಪ್ರತಿ ವರ್ಷವೂ ಹೀಗೇ. ಮಂಗಳೂರು, ಸುರತ್ಕಲ್, ಕೊಣಾಜೆ, ದೇರಳಕಟ್ಟೆ, ಮಣಿಪಾಲ ಎಲ್ಲ ಕಡೆ ಹೊಸ ಮಕ್ಕಳು ಬಂದು ಒಂದು ತಿಂಗಳಾಗಿರುತ್ತದೆ, ಮೊದಲ ವಾರದ ಖುಷಿ ಇಳಿದಿರುತ್ತದೆ, ಹೊರಗೆ ಮಳೆ ಮಾತ್ರ ಇನ್ನೂ ನಿಂತಿರುವುದಿಲ್ಲ. ನಾನೂ 1991ರಲ್ಲಿ ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು ಮಂಗಳೂರಿನ ಹಾಸ್ಟೆಲ್ಲಿಗೆ ಬಂದವಳು. ಆಮೇಲೆ ಪಾಠ ಮಾಡುತ್ತಾ ಉಡುಪಿಯಲ್ಲಿ ಹನ್ನೊಂದು ವರ್ಷ ಹುಡುಗಿಯರ ಹಾಸ್ಟೆಲ್ ನೋಡಿಕೊಂಡೆ. ಎರಡೂ ಕಡೆಯಿಂದ ಕಂಡದ್ದನ್ನು ಇಟ್ಟುಕೊಂಡು ಐದು ಪತ್ರಗಳಿಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು. ಮಂಗಳೂರಿನಲ್ಲಿ ಬಿ.ಎಸ್ಸಿ ಮೊದಲ ವರ್ಷ. ಮನೆಯಲ್ಲಿ ಹನ್ನೊಂದು ಜನ, ಒಬ್ಬಳೇ ಕೂರಬೇಕೆಂದರೂ ಜಾಗ ಸಿಗುತ್ತಿರಲಿಲ್ಲ. ಇಲ್ಲಿ ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ಆದರೂ ನಾನೊಬ್ಬಳೇ ಇದ್ದ ಹಾಗೆ ಅನ್ನಿಸುತ್ತದೆ. ಉಳಿದ ಮೂವರೂ ತುಳು ಮಾತಾಡುತ್ತಾರೆ. ನಾನು ಕನ್ನಡ ಮಾತಾಡಿದರೆ ನಗುತ್ತಾರೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಬಟ್ಟೆ ಒಣಗುವುದಿಲ್ಲ. ರಾತ್ರಿ ಅಳು ಬರುತ್ತದೆ. ಅಪ್ಪನಿಗೆ ಹೇಳಿದರೆ ಮರುದಿನವೇ ಬಂದು ಕರೆದುಕೊಂಡು ಹೋಗುತ್ತಾರೆ, ಅದಕ್ಕೇ ಹೇಳಿಲ್ಲ. ಹಾಸ್ಟೆಲ್ ನನ್ನಂಥವಳಿಗೆ ಆಗುವುದಿಲ್ಲವೇನೋ?

ಉತ್ತರ: ಆಗುತ್ತದೆ ಮಗಳೇ. ಆದರೆ ಒಂದು ವಿಷಯ ನಿನಗೆ ಯಾರೂ ಹೇಳಿಕೊಟ್ಟಿಲ್ಲ ಅನ್ನಿಸುತ್ತದೆ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಜ್ವರ ಬಂದು ಕಲಿತೆ.

ನಾನು ಬಂದ ಎರಡನೇ ತಿಂಗಳು ಅದು. ಸಂಜೆ ಚಳಿ ಹಿಡಿಯಿತು. ಹೊದ್ದು ಮಲಗಿದೆ. ಮರುದಿನ ಕ್ಲಾಸಿಗೆ ಹೋಗಲಿಲ್ಲ, ಊಟಕ್ಕೂ ಇಳಿಯಲಿಲ್ಲ. ರೂಮಿನವರು ಬಂದರು, ಹೋದರು, ಲೈಟು ಆರಿಸಿದರು. ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಾಗಿದ್ದರೆ ಲೋಟದಲ್ಲಿ ಅರ್ಧ ಕಾಫಿ ಬಿಟ್ಟದ್ದು ನೋಡಿಯೇ ಅಜ್ಜಿ ಹಣೆ ಮುಟ್ಟುತ್ತಿದ್ದಳು, ನಾನು ಬಾಯಿ ಬಿಡುವ ಮೊದಲೇ ಕಷಾಯ ಕುದಿಯುತ್ತಿತ್ತು. ಇಲ್ಲಿ ಮೂರು ದಿನ ಹಾಗೇ ಮಲಗಿದ್ದೆ. ಇವರಿಗೆಲ್ಲ ಕರುಳೇ ಇಲ್ಲ ಅಂದುಕೊಂಡು ಗೋಡೆ ಕಡೆ ತಿರುಗಿ ಅತ್ತೆ. ಮೂರನೇ ದಿನ ರಾತ್ರಿ ನೀರು ಬೇಕಾಗಿ ಎದ್ದವಳು ಕಾಲು ಸೋತು ಬಿದ್ದೆ. ಆಗ ಆ ಮೂವರೂ ಎದ್ದರು. ಒಬ್ಬಳು ವಾರ್ಡನ್ ಬಾಗಿಲು ತಟ್ಟಿದಳು, ಒಬ್ಬಳು ತನ್ನ ಶಾಲು ಹೊದೆಸಿದಳು, ಆಟೋ ತರಿಸಿ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ಗೊತ್ತಾಯಿತು. ಆಮೇಲೆ ಶಾಲು ಹೊದೆಸಿದವಳೇ ಕೇಳಿದಳು: "ನೀನು ಯಾಕೆ ಹೇಳ್ಲಿಲ್ಲ ಮಾರಾಯ್ತಿ? ನಮಗೆ ನೀನು ಮಲಗಿ ಓದುವವಳಾ, ಹುಷಾರಿಲ್ವಾ ಅಂತ ಗೊತ್ತಾಗುದು ಹೇಗೆ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯವರು ನಮ್ಮನ್ನು ಹದಿನೇಳು ಹದಿನೆಂಟು ವರ್ಷ ನೋಡಿರುತ್ತಾರೆ. ನಾವು ಬಾಗಿಲು ಹಾಕುವ ಸದ್ದಿನಲ್ಲೇ ಅವರಿಗೆ ನಮ್ಮ ಸಿಟ್ಟು ಗೊತ್ತಾಗುತ್ತದೆ. ಹಾಗಾಗಿ ನಮಗೆ ಏನು ಬೇಕೆಂದು ಬಾಯಿ ಬಿಟ್ಟು ಹೇಳುವ ಅಭ್ಯಾಸವೇ ಆಗಿರುವುದಿಲ್ಲ. ಹಾಸ್ಟೆಲ್ಲಿನವರು ನಮ್ಮನ್ನು ನೋಡಿದ್ದು ಒಂದು ತಿಂಗಳು. ಅವರಿಗೆ ಹೇಳಬೇಕು. ಮನೆಗೂ ಹಾಸ್ಟೆಲ್ಲಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಇದು. ಊಟ, ಹಾಸಿಗೆ, ಬಾತ್‌ರೂಮಿನ ಸಾಲು ಎಲ್ಲ ಆಮೇಲಿನ ಮಾತು.

ಇವತ್ತು ರಾತ್ರಿ ಆ ಮೂವರಲ್ಲಿ ನಿನಗೆ ಸ್ವಲ್ಪ ಹತ್ತಿರ ಅನ್ನಿಸುವವಳಿಗೆ ಹೇಳು: "ನೀವು ತುಳು ಮಾತಾಡುವಾಗ ನನಗೆ ಒಂದೂ ಅರ್ಥ ಆಗಲ್ಲ, ಹೊರಗೆ ನಿಂತ ಹಾಗೆ ಅನ್ನಿಸುತ್ತೆ." ಅಷ್ಟೇ ಸಾಕು. ಅವರು ಬೇಕೆಂದು ನಿನ್ನನ್ನು ಬಿಟ್ಟು ಮಾತಾಡುತ್ತಿಲ್ಲ. ನೀನು ಮನೆಯಲ್ಲಿ ತಂಗಿಯ ಜೊತೆ ಯಾವ ಮಾತಿನಲ್ಲಿ ಜಗಳ ಆಡುತ್ತೀಯೋ ಹಾಗೆಯೇ ಅವರಿಗೆ ತುಳು. ಈ ಊರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ, ಜನ ಎದುರಿನವರನ್ನು ನೋಡಿ ಮಾತು ಬದಲಾಯಿಸುತ್ತಾರೆ. ಹೇಳಿದರೆ ನಿನಗಾಗಿಯೂ ಬದಲಾಯಿಸುತ್ತಾರೆ. ನೀನೂ ಎರಡು ಮಾತು ಕಲಿ. "ಒಣಸ್ ಆಂಡಾ?" ಅಂದರೆ ಊಟ ಆಯ್ತಾ ಎಂದು. ನಾಳೆ ಮೆಸ್ಸಿನಲ್ಲಿ ಕೇಳಿ ನೋಡು. ನಿನ್ನ ಕನ್ನಡಕ್ಕೆ ನಗುವ ವಿಷಯವನ್ನೂ ಹೇಳಿಬಿಡು, ನೋವಾಗುತ್ತದೆ ಎಂದು ನೇರವಾಗಿ ಹೇಳು. ಇಲ್ಲಿಯ "ಉಂಟು", "ಎಂಥದು" ನಿಮ್ಮ ಊರಿನಲ್ಲಿ ಎಷ್ಟು ಹೊಸತೋ, ನಿನ್ನ "ಹೊಂಟೀನಿ" ಅವರಿಗೆ ಅಷ್ಟೇ ಹೊಸತು. ನಿನ್ನ ಮಾತನ್ನು ಬದಲಾಯಿಸಿಕೊಳ್ಳಬೇಡ. ಅದು ನಿನ್ನ ಮನೆಯ ಮಾತು.

ಊಟದ ಬಗ್ಗೆ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಮೊದಲೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದು. ಕಾಳು ದಪ್ಪ, ಬೇಯಲು ಹೊತ್ತು ಹಿಡಿಯುತ್ತದೆ, ಜೋಳದ ರೊಟ್ಟಿ ಮುರಿದು ಬೆಳೆದ ಬಾಯಿಗೆ ಅದು ಮೊದಲು ಹಿಡಿಸುವುದಿಲ್ಲ. ಅನ್ನದ ಹಾಗೆ ಸಾರು ಕಲಸಿ ತಿನ್ನಲು ಹೋಗಬೇಡ. ಬಿಸಿ ಗಂಜಿಯಾಗಿ, ಉಪ್ಪು ಹಾಕಿ, ಉಪ್ಪಿನಕಾಯಿ ನೆಂಚಿಕೊಂಡು ಕುಡಿ. ಮಳೆ ಸುರಿಯುವ ರಾತ್ರಿ ಅದಕ್ಕಿಂತ ಹಿತವಾದದ್ದು ನನಗೆ ಬೇರೆ ಗೊತ್ತಿಲ್ಲ. ಹೆಚ್ಚಿನ ಮೆಸ್ಸುಗಳಲ್ಲಿ ಬೆಳ್ತಿಗೆ ಅನ್ನವೂ, ಅಂದರೆ ನಿಮ್ಮ ಕಡೆಯ ಬಿಳಿ ಅನ್ನವೂ ಇರುತ್ತದೆ, ಇಲ್ಲದಿದ್ದರೆ ಕೇಳು. ಕೇಳಿದವರಿಗೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಊರಿನಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತರಿಸಿಕೋ, ಆದರೆ ಬಟ್ಟೆಯಲ್ಲಿ ಕಟ್ಟಿ ಇಡಬೇಡ. ಈ ಹವೆಗೆ ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಮೊದಲ ರೊಟ್ಟಿ ರೂಮಿನವರಿಗೆ ಕೊಡು.

ಬಟ್ಟೆಗೆ ಉಪಾಯ ಕಡಿಮೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೀನ್ಸ್ ಪ್ಯಾಂಟನ್ನು ಮಳೆ ಮುಗಿಯುವವರೆಗೆ ಪೆಟ್ಟಿಗೆಯಲ್ಲಿಡು. ತೆಳು ಬಟ್ಟೆ ತೊಡು, ದಿನಾ ಒಂದೊಂದೇ ಒಗೆದು ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹಾಕು. ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಡು. ಸೊಳ್ಳೆ ಪರದೆ ಇವತ್ತೇ ಕೊಳ್ಳು, ಮುಂದಕ್ಕೆ ಹಾಕಬೇಡ, ಮಂಗಳೂರಿನ ಮಲೇರಿಯಾ ನನ್ನ ಕಾಲದ್ದು ಮಾತ್ರ ಅಲ್ಲ.

ಇನ್ನು ಅಳು. ಮೊದಲ ತಿಂಗಳುಗಳಲ್ಲಿ ಅತ್ತರೆ ಅದು ರೋಗ ಅಲ್ಲ. ಆದರೆ ನಿದ್ದೆಯೇ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪನಿಗೂ ಹೇಳು. ಆದರೆ ಮಾತು ಶುರು ಮಾಡುವಾಗಲೇ ಹೇಳು: "ಅಪ್ಪಾ, ಕರೆದುಕೊಂಡು ಹೋಗಬೇಡಿ, ಸುಮ್ನೆ ಕೇಳಿ." ಅಪ್ಪಂದಿರಿಗೆ ಅಳು ಕೇಳಿದ ಕೂಡಲೇ ಏನಾದರೂ ಮಾಡಬೇಕು ಅನ್ನಿಸುತ್ತದೆ. ಏನು ಮಾಡಬೇಕೆಂದು ನೀನೇ ಹೇಳಿದರೆ ಅವರಿಗೂ ಸುಲಭ.

ಪ್ರಶ್ನೆ: ಮಗ ಸುರತ್ಕಲ್ಲಿನಲ್ಲಿ ಹಾಸ್ಟೆಲ್ಲಿನಲ್ಲಿದ್ದಾನೆ, ನಾವು ಕುಂದಾಪುರ. ಬಸ್ಸಿನಲ್ಲಿ ಎರಡು ಗಂಟೆ ದಾರಿ. ಮೊದಲು ವಾರ ವಾರ ಬರುತ್ತಿದ್ದ, ಬಟ್ಟೆ ಒಗೆದು ಕೊಟ್ಟು, ಮೀನು ಸಾರು ಕಟ್ಟಿ ಕಳಿಸುತ್ತಿದ್ದೆ. ಈಗ ಎರಡು ತಿಂಗಳಿಂದ ಬರುವುದಿಲ್ಲ. ಫೋನ್ ಮಾಡಿದರೆ "ಹ್ಞೂಂ", "ಆಯ್ತು" ಎರಡೇ ಮಾತು. ದಿನಕ್ಕೆ ಮೂರು ಸಲ ಮಾಡುತ್ತೇನೆ. ಅವನಿಗೆ ನಾವು ಬೇಡವಾದೆವಾ?

ಉತ್ತರ: ಬೇಡವಾಗಿಲ್ಲ. ನೀವು ದಿನಕ್ಕೆ ಮೂರು ಸಲ ಏನು ಕೇಳುತ್ತೀರಿ ಎಂದು ನಾನು ಹೇಳಬಲ್ಲೆ: "ತಿಂಡಿ ಆಯ್ತಾ, ಊಟ ಆಯ್ತಾ, ಎಲ್ಲಿದ್ದೀ?" ನಾನೂ ನನ್ನ ಮಗಳಿಗೆ ಕೇಳಿದ್ದು ಅದನ್ನೇ. ಮನೆಯಲ್ಲಿ ಇದ್ದಾಗ ಕಣ್ಣಿನಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದುದನ್ನು ಈಗ ಫೋನಿನಲ್ಲಿ ಕೇಳಿ ತಿಳಿಯಲು ನೋಡುತ್ತೇವೆ. ಆ ಪ್ರಶ್ನೆಗಳಿಗೆ "ಹ್ಞೂಂ" ಬಿಟ್ಟು ಬೇರೆ ಉತ್ತರ ಇಲ್ಲ, ಅಲ್ವಾ? ಪಕ್ಕದಲ್ಲಿ ಗೆಳೆಯರು ಕೂತಿರುವಾಗ ಹತ್ತೊಂಬತ್ತು ವರ್ಷದ ಹುಡುಗ ಅಮ್ಮನಿಗೆ ಮಧ್ಯಾಹ್ನ ಏನು ತಿಂದೆ ಎಂದು ವಿವರ ಕೊಡುವುದಿಲ್ಲ.

ವಾರಕ್ಕೆ ಎರಡು ದಿನ ಗೊತ್ತು ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಅವನೇ ಹೇಳಲಿ. ಆ ಹೊತ್ತು ಅವನು ಫೋನ್ ಮಾಡಬೇಕು, ಇದರಲ್ಲಿ ರಿಯಾಯಿತಿ ಬೇಡ, ಕಟ್ಟುನಿಟ್ಟಾಗಿಯೇ ಹೇಳಿ. ಉಳಿದ ದಿನ ನೀವು ಮಾಡಬೇಡಿ. ಮತ್ತೆ ಮಾತಾಡುವಾಗ ಕೇಳುವುದಕ್ಕಿಂತ ಜಾಸ್ತಿ ಹೇಳಿ. ತೆಂಗಿನ ಮರ ಬಿದ್ದದ್ದು, ಪಕ್ಕದ ಮನೆಯ ಮದುವೆ, ನಿಮ್ಮ ಮೊಣಕಾಲು ನೋವು, ಬಂಗುಡೆಯ ರೇಟು. ಮೊಣಕಾಲು ನೋವು ಮುಚ್ಚಿಡಬೇಡಿ. ನೀವು ನಿಮ್ಮದನ್ನು ಮುಚ್ಚಿಟ್ಟರೆ ಅವನೂ ತನ್ನದನ್ನು ಮುಚ್ಚಿಡುವುದು ಕಲಿಯುತ್ತಾನೆ. ಹಾಸ್ಟೆಲ್ ನೋಡಿಕೊಳ್ಳುವಾಗ ಇದನ್ನು ಎಷ್ಟು ಸಲ ಕಂಡೆ ಎಂದು ಲೆಕ್ಕವಿಲ್ಲ. ಅಪ್ಪನಿಗೆ ಆಪರೇಷನ್ ಆದದ್ದು ಪರೀಕ್ಷೆ ಮುಗಿದ ಮೇಲೆ ತಿಳಿದು, ಒಬ್ಬಳು ಹುಡುಗಿ ಒಂದು ವರ್ಷ ಮನೆಯ ಫೋನ್ ಬಂದಾಗಲೆಲ್ಲ ಹೆದರಿ ನಡುಗುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿಟ್ಟಿದ್ದರು. ಆದರೆ ಅವಳಿಗೆ ಅನ್ನಿಸಿದ್ದು, ಮನೆಯವರು ಚೆನ್ನಾಗಿದ್ದೇವೆ ಎಂದರೆ ಇನ್ನು ನಂಬುವುದು ಹೇಗೆ ಎಂದು.

ಬಟ್ಟೆ ಅವನೇ ಒಗೆದುಕೊಳ್ಳಲಿ. ಅದು ನಿಮಗೆ ಪ್ರೀತಿಯ ಕೆಲಸ ಎಂದು ಗೊತ್ತು. ಆದರೂ ಬಿಡಿ. ಮೀನು ಸಾರು ಬಿಡಬೇಡಿ.

ಇನ್ನೊಂದು ಮಾತು, ಅವನಿಗೆ ನಿಮ್ಮ ಬಾಯಿಂದಲೇ ಹೋಗಲಿ. ಹಾಸ್ಟೆಲ್ಲಿನ ಹತ್ತಿರವೇ ಕಡಲು. ಅವನು ಕುಂದಾಪುರದವನು, ಮಳೆಗಾಲದ ಕಡಲು ಅವನಿಗೆ ಗೊತ್ತು. ಜೊತೆಗಿರುವ ಬಯಲುಸೀಮೆಯ ಮಕ್ಕಳಿಗೆ ಗೊತ್ತಿಲ್ಲ. ಅವರು ಮೊಣಕಾಲು ನೀರು ತಾನೇ ಎಂದು ಇಳಿಯುತ್ತಾರೆ, ಅಲೆ ವಾಪಸು ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಮಲ್ಪೆಯಲ್ಲಿ ಮಳೆಗಾಲಕ್ಕೆ ದಡದಲ್ಲಿ ಬಲೆ ಕಟ್ಟಿ ತಡೆಯುವುದು ಇದಕ್ಕೇ. ಪ್ರತಿ ವರ್ಷ ಪತ್ರಿಕೆಯಲ್ಲಿ ಆ ಸುದ್ದಿ ಓದುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೆಳೆಯರನ್ನು ತಡೆಯುವ ಜವಾಬ್ದಾರಿ ನಿನ್ನದು ಎಂದು ಅವನಿಗೆ ಹೇಳಿ.

ಪ್ರಶ್ನೆ: ಹಾಸ್ಟೆಲ್ಲಿನಲ್ಲಿ ಸೀನಿಯರ್‌ಗಳು ರಾತ್ರಿ ಕರೆದು ನಿಲ್ಲಿಸುತ್ತಾರೆ, ಅವರ ರೆಕಾರ್ಡ್ ಬರೆಸುತ್ತಾರೆ. "ಮನೆಯಲ್ಲಿ ಅಣ್ಣ ಹೇಳಿದರೆ ಮಾಡಲ್ವಾ, ಹಾಗೇ" ಅನ್ನುತ್ತಾರೆ. ಇದು ಮಾಮೂಲಾ?

ಉತ್ತರ: ಮಾಮೂಲು ಅಲ್ಲ, ರ‍್ಯಾಗಿಂಗ್. ಅಣ್ಣನಿಗೆ ಆಗಲ್ಲ ಎಂದು ಹೇಳಿ ನೀವು ನಿದ್ದೆ ಮಾಡಬಹುದು, ಇವರಿಗೆ ಹೇಳಲಾಗುತ್ತಿಲ್ಲ. ವ್ಯತ್ಯಾಸ ಅಲ್ಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಮಾಡಿದ ನಿಯಮಗಳಲ್ಲಿ ಸೀನಿಯರ್‌ಗಳ ಓದಿನ ಕೆಲಸ ಮಾಡಿಸುವುದೂ ರ‍್ಯಾಗಿಂಗ್ ಎಂದೇ ಇದೆ. ಇದನ್ನು ತಡೆಯಲೆಂದೇ ಇರುವ ಸಹಾಯವಾಣಿ 1800-180-5522 ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಮೊದಲು ವಾರ್ಡನ್‌ಗೆ ಹೇಳಿ, ಬರೆದು ಕೊಡಿ, ಬರೆದದ್ದರ ಫೋಟೋ ಇಟ್ಟುಕೊಳ್ಳಿ. ವಾರ್ಡನ್ "ಹೊಂದಿಕೊಂಡು ಹೋಗಪ್ಪಾ" ಎಂದರೆ ಆ ನಂಬರಿಗೆ ಮಾಡಿ. ಹೊಂದಿಕೊಳ್ಳಬೇಕಾದದ್ದು ಮೆಸ್ಸಿನ ಸಾಂಬಾರಿಗೆ, ಗೊರಕೆ ಹೊಡೆಯುವ ರೂಮ್‌ಮೇಟಿಗೆ. ಇದಕ್ಕಲ್ಲ. ಮನೆಯಲ್ಲೂ ಇವತ್ತೇ ಹೇಳಿ.

ಪ್ರಶ್ನೆ: ಪುತ್ತೂರು ಪಕ್ಕದ ಹಳ್ಳಿಯಿಂದ ದಿನಾ ಮಂಗಳೂರಿಗೆ ಕಾಲೇಜಿಗೆ ಹೋಗಿ ಬರುತ್ತೇನೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹಾಸ್ಟೆಲ್ಲಿಗೆ ಸೇರುತ್ತೇನೆ ಎಂದರೆ ಅಪ್ಪ "ಮನೆ ಇರುವಾಗ ಹಾಸ್ಟೆಲ್ ಯಾಕೆ, ಬಸ್ಸು ಹೇಗೂ ಫ್ರೀ" ಅನ್ನುತ್ತಾರೆ. ಬಂದ ಮೇಲೆ ಅಡುಗೆ, ದನದ ಕೆಲಸ, ಅಜ್ಜಿಯ ಮದ್ದು ಎಲ್ಲ ನನ್ನದೇ. ಅಜ್ಜಿಯನ್ನು ಬಿಟ್ಟು ಹೋಗಲೂ ಮನಸ್ಸಿಲ್ಲ.

ಉತ್ತರ: ಅಪ್ಪನಿಗೆ ಒಂದು ಲೆಕ್ಕ ತೋರಿಸಿ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ, 24 ಗಂಟೆ. ವಾರದಲ್ಲಿ ಪೂರ್ತಿ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲೇ ಕಳೆಯುತ್ತಿದ್ದೀರಿ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಿಮ್ಮ ದಾರಿಯಲ್ಲಿ ಸರ್ಕಾರಿ ಬಸ್ಸು ಇರುವುದರಿಂದ ದುಡ್ಡು ಉಳಿಯಿತು, ಅದು ದೊಡ್ಡ ಉಪಕಾರವೇ. ಖಾಸಗಿ ಬಸ್ಸೇ ಹೆಚ್ಚಿರುವ ಉಡುಪಿ ದಾರಿಯ ಹುಡುಗಿಯರಿಗೆ ಅಷ್ಟು ಸಿಕ್ಕಿಲ್ಲ. ಆದರೆ ನಿಮ್ಮ ಹೊತ್ತು ಫ್ರೀ ಅಲ್ಲ.

ಖರ್ಚೇ ಅಡ್ಡಿಯಾಗಿದ್ದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಎರಡಕ್ಕೂ ಮಂಗಳೂರಿನಲ್ಲಿ ಹುಡುಗಿಯರ ಹಾಸ್ಟೆಲ್ಲುಗಳಿವೆ. ಊಟ, ವಾಸ ಎರಡೂ ಉಚಿತ. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ, ಕೊನೆಯ ದಿನ ಕಾಯಬೇಡಿ. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ನೆರವಿದೆ. ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಈಗಿನ ಮೊತ್ತವನ್ನು ತಾಲೂಕಿನ ಇಲಾಖೆ ಕಚೇರಿಯಲ್ಲಿ ಕೇಳಿ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ದುಡ್ಡಿನ ಮಾತಲ್ಲ. ನೀವು ಹೋದರೆ ಆ ಕೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಿಲ್ಲ. ನೀವೇ ಕೇಳಿ. "ಅಜ್ಜಿಯ ಮದ್ದು ಅಣ್ಣ ಕೊಡಲಿ, ಹಾಲು ಕರೆಯುವುದು ಅಪ್ಪ ನೋಡಲಿ, ಶನಿವಾರ ಬಂದು ಉಳಿದದ್ದು ನಾನು ನೋಡುತ್ತೇನೆ" ಎಂದು ಒಂದೊಂದೇ ಹೆಸರು ಹಿಡಿದು ಹೇಳಿ. ಪ್ರೀತಿ ಇರುವ ಮನೆಯಲ್ಲೇ ಇಂಥ ಕೆಲಸಗಳು ಒಬ್ಬಳ ತಲೆಗೆ ಸುಮ್ನೆ ಬಂದು ಕೂತುಬಿಡುತ್ತವೆ, ಯಾರೂ ಕೆಟ್ಟವರಾಗಿರಬೇಕಿಲ್ಲ. ಒಪ್ಪದಿದ್ದರೆ ಪರೀಕ್ಷೆಯ ಎರಡು ತಿಂಗಳ ಮಟ್ಟಿಗಾದರೂ ಪಿಜಿಯಲ್ಲಿ ಇರುತ್ತೇನೆ ಎಂದು ಕೇಳಿ. ಅಜ್ಜಿಯನ್ನೂ ಕೇಳಿ. ಅಜ್ಜಿಯಂದಿರು ಇಂಥ ವಿಷಯದಲ್ಲಿ ಎಷ್ಟೋ ಸಲ ನಮ್ಮ ಪರ ನಿಲ್ಲುತ್ತಾರೆ, ನನ್ನನ್ನು ಘಾಟಿ ಇಳಿಸಿದ್ದು ಅಜ್ಜಿಯೇ.

ಪ್ರಶ್ನೆ: ಮಣಿಪಾಲದಲ್ಲಿ ಮೂರನೇ ವರ್ಷ. ಊರು ಶಿರಸಿ ಹತ್ತಿರ. ರಜೆಯಲ್ಲಿ ಮನೆಗೆ ಹೋದರೆ ನೆಂಟನಾದ ಹಾಗೆ ಅನ್ನಿಸುತ್ತದೆ. ನನ್ನ ಕೋಣೆಯಲ್ಲಿ ಅಡಿಕೆ ಚೀಲ ಇಟ್ಟಿದ್ದಾರೆ. ಅಮ್ಮ ವಿಶೇಷ ಅಡುಗೆ ಮಾಡುತ್ತಾಳೆ, ಹೊಸ ಟವೆಲ್ ಕೊಡುತ್ತಾಳೆ. ಅದೇ ಹೊತ್ತಿಗೆ ಹತ್ತು ನಿಮಿಷ ಹೊರಗೆ ಹೋದರೂ "ಎಲ್ಲಿಗೆ, ಯಾರ ಜೊತೆ, ಯಾವಾಗ ಬರ್ತೀ" ಎಂದು ಅಪ್ಪ ಕೇಳುತ್ತಾರೆ. ಮೂರು ವರ್ಷ ನನ್ನ ಇಷ್ಟದಂತೆ ಇದ್ದವನಿಗೆ ಸಿಟ್ಟು ಬರುತ್ತದೆ. ಎರಡು ದಿನಕ್ಕೇ ವಾಪಸು ಹೋಗೋಣ ಅನ್ನಿಸುತ್ತದೆ, ಹಾಸ್ಟೆಲ್ಲಿಗೆ ಬಂದರೆ ಮನೆ ನೆನಪಾಗುತ್ತದೆ.

ಉತ್ತರ: ಅಡಿಕೆ ಚೀಲದ ಬಗ್ಗೆ ಮೊದಲು ಹೇಳುತ್ತೇನೆ. ನಾನು ಮೊದಲ ರಜೆಗೆ ಹೋದಾಗ ನನ್ನ ಮಂಚದ ಮೇಲೆ ತಂಗಿ ಮಲಗುತ್ತಿದ್ದಳು, ನನ್ನ ಪುಸ್ತಕದ ಗೂಡಿನಲ್ಲಿ ಕೊಬ್ಬರಿ ಇತ್ತು. ಆ ರಾತ್ರಿ ನನಗೆ ಆದ ನೋವು ಈಗಲೂ ನೆನಪಿದೆ. ಮರುದಿನ ಅಮ್ಮನಿಗೆ ಹೇಳಿದೆ. ಅವಳು ಗಾಬರಿಯಾಗಿ ಕೊಬ್ಬರಿ ತೆಗೆದು ಗೂಡು ಒರೆಸಿ ಕೊಟ್ಟಳು. ಅವಳಿಗೆ ಅದು ಹೊಳೆದೇ ಇರಲಿಲ್ಲ. ಎಲ್ಲ ಹೇಳದೆ ಗೊತ್ತಾಗುತ್ತದೆ ಎಂದು ನಾನು ನಂಬಿದ್ದ ಮನೆಯಲ್ಲೂ ಈಗ ಹೇಳಬೇಕಾಗಿತ್ತು, ಯಾಕೆಂದರೆ ಅವರು ನೋಡಿ ತಿಳಿದದ್ದು ಹಳೆಯ ನನ್ನನ್ನು. ಆರು ತಿಂಗಳ ಹೊಸ ನನ್ನನ್ನು ಅವರು ನೋಡಿರಲಿಲ್ಲ.

ನಿಮ್ಮ ಅಪ್ಪನದೂ ಅದೇ ಕಥೆ. ಅವರ ಕಣ್ಣಲ್ಲಿ ನೀವು ಪಿಯುಸಿ ಮುಗಿಸಿ ಬಸ್ಸು ಹತ್ತಿದ ಹುಡುಗ. ನೀವು ಮೂರು ವರ್ಷ ರಾತ್ರಿ ಹತ್ತಕ್ಕೆ ಊಟ ಮಾಡಿದ್ದು, ಜ್ವರ ಬಂದಾಗ ಒಬ್ಬನೇ ಆಸ್ಪತ್ರೆಗೆ ಹೋದದ್ದು, ದುಡ್ಡು ಮುಗಿದ ತಿಂಗಳ ಕೊನೆಯಲ್ಲಿ ಉಡುಪಿ ಮಠದ ಊಟಕ್ಕೆ ಕೂತದ್ದು ಯಾವುದೂ ಅವರಿಗೆ ಗೊತ್ತಿಲ್ಲ. ಇವೆಲ್ಲ ನನ್ನ ಊಹೆ, ಇಂಥದ್ದು ನಿಮಗೂ ಆಗಿದ್ದರೆ ಹೇಳಿ. ಅವರು ಕೇಳುವ ಮೊದಲೇ ಹೇಳಿ. "ಪೇಟೆಗೆ ಹೋಗ್ತೇನೆ, ಎಂಟು ಗಂಟೆಗೆ ಬರ್ತೇನೆ, ಏನಾದರೂ ತರಬೇಕಾ?" ಎಂದು ಬಾಗಿಲಲ್ಲಿ ನಿಂತು ಹೇಳಿದರೆ ಅವರಿಗೆ ಮೂರು ಪ್ರಶ್ನೆ ಕೇಳುವ ಕೆಲಸ ಉಳಿಯುವುದಿಲ್ಲ. ನಿಮ್ಮ ಸ್ವಾತಂತ್ರ್ಯ ಇದರಿಂದ ಕಡಿಮೆಯಾಗುವುದಿಲ್ಲ. ಹಾಸ್ಟೆಲ್ಲಿನಲ್ಲೂ ನೀವು ರೂಮ್‌ಮೇಟಿಗೆ ಹೇಳಿಯೇ ಹೋಗುತ್ತೀರಿ, ಅಲ್ವಾ?

ಅಮ್ಮ ಕೊಡುವ ಹೊಸ ಟವೆಲ್ ತೆಗೆದುಕೊಳ್ಳಿ, ಬೇಡ ಅನ್ನಬೇಡಿ. ಎರಡನೇ ದಿನ ಹಳೆಯದು ಎಲ್ಲಿದೆ ಎಂದು ಕೇಳಿ. ಮೂರನೇ ದಿನ ಅಡುಗೆಮನೆಗೆ ಹೋಗಿ ಕಾಯಿ ತುರಿದು ಕೊಡಿ. ನೆಂಟರಿಗೆ ಯಾರೂ ಕಾಯಿ ತುರಿಯಲು ಬಿಡುವುದಿಲ್ಲ. ಅಡಿಕೆ ಚೀಲಗಳನ್ನು ನೀವೇ ಅಪ್ಪನ ಜೊತೆ ಹೊತ್ತು ಬೇರೆ ಕಡೆ ಇಡಿ, ಆ ಕೆಲಸ ಮಾಡುವಾಗ ಹಾಸ್ಟೆಲ್ಲಿನ ಮಾತು ತೆಗೆಯಿರಿ. ಎದುರುಬದುರು ಕೂತು ಮಾತಾಡಲು ನಮ್ಮ ಕಡೆಯ ಅಪ್ಪಂದಿರಿಗೆ ಬರುವುದಿಲ್ಲ, ಕೈಯಲ್ಲಿ ಕೆಲಸ ಇದ್ದರೆ ಬರುತ್ತದೆ.

ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ಬರೆಯಿರಿ. ಅಪ್ಪ ಏನೆಂದರು ಎಂದು ನನಗೂ ತಿಳಿಯಬೇಕು.